ಪಕ್ಕದ ಮನೆಯವರೂ ಕಸ ಬೇರ್ಪಡಿಸುವಂತೆ ಮಾಡುವುದು ಹೇಗೆ

24 ವರ್ಷ ಜೀವವಿಮೆ ಏಜೆಂಟ್ ಆಗಿದ್ದವಳು ನಾನು. ಅಷ್ಟು ವರ್ಷದಲ್ಲಿ ವಿಮೆ ಬೇಡದ ವಸ್ತು ಅಂದವರು ಒಬ್ಬರೂ ಸಿಗಲಿಲ್ಲ. "ಹೌದು ಮೇಡಂ, ಮಾಡಿಸ್ಲೇಬೇಕು" ಅಂತ ಕಾಫಿ ಕೊಟ್ಟು, ಗೇಟಿನವರೆಗೂ ಬಂದು ಕಳಿಸಿಕೊಡುತ್ತಿದ್ದರು. ಮಾಡಿಸುತ್ತಿರಲಿಲ್ಲ. ಒಪ್ಪಿಕೊಳ್ಳುವುದು ಒಂದು, ಮಾಡುವುದು ಇನ್ನೊಂದು. ಆ ನಡುವಿನ ದಾರಿ ದಾಟಿಸುವುದೇ ನನ್ನ ಕಸುಬಾಗಿತ್ತು. ಫಾರಂ ನಾನೇ ತುಂಬುತ್ತಿದ್ದೆ, ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದೆ, ಪೆನ್ನಿನ ಕ್ಯಾಪ್ ತೆಗೆದು ಕೈಗೆ ಕೊಡುತ್ತಿದ್ದೆ.

ಆದರೆ 2018ರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದಾಗ, ಕಸದ ವಿಷಯದಲ್ಲಿ ಇದಿಷ್ಟನ್ನೂ ಮರೆತೆ. ದಕ್ಷಿಣ ಬೆಂಗಳೂರಿನ 64 ಮನೆಗಳ ಕಟ್ಟಡ ನಮ್ಮದು. ಒಂದು ಭಾನುವಾರ ಎಲ್ಲರನ್ನೂ ಸೇರಿಸಿ ಒಂದು ಗಂಟೆ ಮಾತಾಡಿದೆ. ನಮ್ಮ ಕಸ ಹೋಗಿ ಬೀಳುತ್ತಿದ್ದ ಊರುಗಳು, ನಗರದ ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು, ಆ ಊರಿನವರ ಬಾವಿ ನೀರು, ಅವರ ಮಕ್ಕಳ ಕೆಮ್ಮು. 2012ರಲ್ಲಿ ಮಾವಳ್ಳಿಪುರದವರು ಇನ್ನು ಸಾಕು ಅಂತ ಎದ್ದು ನಿಂತ ಮೇಲೆ ಬೆಂಗಳೂರಿನ ರಸ್ತೆ ರಸ್ತೆಯಲ್ಲಿ ಕಸ ಕೊಳೆತದ್ದು, ಮಂಡೂರಿಗೆ ಕಸ ಹೋಗುವುದು 2014ರ ಡಿಸೆಂಬರ್ 1ರಿಂದ ನಿಂತದ್ದು, 2015ರ ಡಿಸೆಂಬರಿನಲ್ಲಿ ಹೈಕೋರ್ಟು ಪ್ರತಿ ಮನೆಯಲ್ಲೂ ಎರಡು ಬಿನ್ನು ಒಂದು ಬ್ಯಾಗು ಇರಬೇಕು ಅಂದದ್ದು: ಹಸಿರು ಬಿನ್ನಿಗೆ ಹಸಿ ಕಸ, ಕೆಂಪು ಬಿನ್ನಿಗೆ ಡೈಪರ್, ಪ್ಯಾಡ್, ಗುಡಿಸಿದ ಧೂಳಿನಂಥ ಕಸ, ಬ್ಯಾಗಿಗೆ ಒಣ ಕಸ. ಎಲ್ಲ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಇಬ್ಬರು ಹೆಂಗಸರಿಗೆ ಕಣ್ಣಲ್ಲಿ ನೀರು ಬಂತು.

ಮಾರನೆಯ ಬೆಳಿಗ್ಗೆ ಏಳಕ್ಕೆ ಬೇಸ್‌ಮೆಂಟಿಗೆ ಇಳಿದೆ. ನಮ್ಮಲ್ಲಿ ಕಸ ತೆಗೆಯುವ ಅಕ್ಕ ಡ್ರಮ್ಮುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಗಂಟು ಬಿಗಿದ ಕಪ್ಪು ಕವರೊಂದನ್ನು ಮುಂದಕ್ಕೆಳೆದುಕೊಂಡು, ಬಿಚ್ಚುವ ಮೊದಲು ಅಂಗೈ ಅಗಲ ಮಾಡಿ ಹೊರಗಿನಿಂದ ಮೆಲ್ಲಗೆ ಒತ್ತಿ ನೋಡಿದರು, ಹಲಸಿನಹಣ್ಣು ಮಾಗಿದೆಯಾ ಅಂತ ನೋಡುವ ಹಾಗೆ. "ಗಾಜಿದ್ರೆ ಕೈಗೆ ಗೊತ್ತಾಗತ್ತಮ್ಮ" ಅಂದರು. ಆಮೇಲೆ ಗಂಟು ಬಿಚ್ಚಿದರು. ರಾತ್ರಿಯ ಅನ್ನ ಸಾರು, ಅದರಲ್ಲಿ ಮುಳುಗಿದ ಮೊಸರಿನ ಪ್ಯಾಕೆಟ್, ಮಗುವಿನ ಡೈಪರ್, ರಿಮೋಟಿನ ಎರಡು ಸೆಲ್ಲು. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಬೆಳ್ಳನೆಯ ಒಂದು ಗೆರೆ ಇತ್ತು. ಒಡೆದ ಬಲ್ಬು, ಹೋದ ವರ್ಷದ್ದು. ಗ್ಲೌಸ್ ಕೊಟ್ಟಿದ್ದೀವಲ್ಲ ಅಂದೆ. "ಹಾಕ್ಕಂಡ್ರೆ ಒಳಗೇನಿದೆ ಅಂತ ತಿಳಿಯಲ್ಲಮ್ಮ" ಅಂದರು.

ಆ ಕವರು ಯಾವ ಮನೆಯದು ಅಂತ ನನಗೆ ಗೊತ್ತಾಯಿತು. ಹಿಂದಿನ ದಿನ ಕಣ್ಣೊರೆಸಿಕೊಂಡವರ ಮನೆಯದು. ಅವರು ಕೆಟ್ಟವರಲ್ಲ, ಸುಳ್ಳು ಅತ್ತವರೂ ಅಲ್ಲ. ಮನೆಗೆ ಹೋದರು, ರಾತ್ರಿಯ ಊಟವಾಯಿತು, ಸಿಂಕಿನ ಕೆಳಗೆ ಇದ್ದದ್ದು ಒಂದೇ ಬುಟ್ಟಿ. ಕೈ ಅಲ್ಲಿಗೇ ಹೋಯಿತು.

ಅವತ್ತಿನಿಂದ ಈಚೆಗೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಟ್ಟಡದಲ್ಲೋ ಬೀದಿಯಲ್ಲೋ ಇದೇ ಕೆಲಸ ಹಿಡಿದು ಸೋತು ಕೂತಿದ್ದರೆ, ಮೊದಲು ಒಂದು ಮಾತು ಒಪ್ಪಿಕೊಳ್ಳಿ: ಜನಕ್ಕೆ ಗೊತ್ತಿದೆ. ಗೊತ್ತಿರುವವರಿಗೇ ಇನ್ನೊಮ್ಮೆ ಗೊತ್ತು ಮಾಡಿಸುತ್ತಾ ವರ್ಷ ಕಳೆಯಬೇಡಿ.

ಕಲಗಚ್ಚಿನ ಬಾನಿ ಎಲ್ಲಿತ್ತು?

ನಮ್ಮೂರು ತಿಪಟೂರಿನ ಕಡೆ. ನಮ್ಮಜ್ಜಿಗೆ ಪರಿಸರ ಅನ್ನುವ ಪದವೇ ಗೊತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಒಂದು ದಿನವೂ ಕಸ ಬೆರೆತದ್ದು ನಾನು ನೋಡಲಿಲ್ಲ. ಅಡುಗೆಮನೆ ಹಿಂಬಾಗಿಲ ಪಕ್ಕ, ಕೂತಲ್ಲಿಂದ ಕೈ ಚಾಚಿದರೆ ಸಿಗುವ ಹಾಗೆ ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಅದಕ್ಕೆ. ಸಂಜೆ ಹಸು ಕುಡಿಯುತ್ತಿತ್ತು. ಅದರಲ್ಲಿ ಒಂದು ಪಿನ್ನು ಬಿದ್ದರೂ ಹಸುವಿನ ಹೊಟ್ಟೆಗೆ ಹೋಗುತ್ತದೆ, ಆ ಹಸುವಿಗೆ ಹೆಸರಿತ್ತು. ಒಲೆ ಬೂದಿ ಪಾತ್ರೆ ಬೆಳಗಲು, ಗುಡಿಸಿದ ಕಸ ಕೊಟ್ಟಿಗೆಯ ಹಿಂದಿನ ತಿಪ್ಪೆಗೆ.

ಅಜ್ಜಿ ನಮಗಿಂತ ಒಳ್ಳೆಯವಳಾಗಿದ್ದಳು ಅನ್ನುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಬಾನಿ ಸರಿಯಾದ ಜಾಗದಲ್ಲಿತ್ತು. ತಪ್ಪು ಮಾಡಿದರೆ ಸಂಜೆಯೊಳಗೆ ಕಣ್ಣಿಗೆ ಕಾಣುತ್ತಿತ್ತು. ಓಣಿಯ ಎಲ್ಲ ಮನೆಯಲ್ಲೂ ಅದೇ ನಡೆಯುತ್ತಿತ್ತು. ಈ ಮೂರನ್ನು ನಿಮ್ಮ ಕಟ್ಟಡದಲ್ಲಿ ಮತ್ತೆ ಕಟ್ಟಿದರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ಕಷ್ಟದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ವಾರ ಬಾಯಿ ಬಿಡಬೇಡಿ, ಎಣಿಸಿ

ಏಳು ದಿನ ಬೆಳಿಗ್ಗೆ ಬೇಸ್‌ಮೆಂಟಿಗೆ ಹೋಗಿ, ಕಸ ತೆಗೆಯುವವರ ಜೊತೆ ನಿಂತು ನೋಡಿ. ಯಾವ ಮಹಡಿಯಿಂದ ಎಷ್ಟು ಬಿನ್ನು ಶುದ್ಧವಾಗಿ ಬಂತು, ಎಷ್ಟು ಬೆರೆತು ಬಂತು, ಅಷ್ಟೇ ಬರೆದುಕೊಳ್ಳಿ. ಮನೆ ನಂಬರ್ ಬರೆಯಬೇಡಿ; ಆ ಹಾಳೆ ಹೇಗಾದರೂ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು.

ಎಣಿಸಿದಾಗ ನನಗೆ ಆಶ್ಚರ್ಯ ಕಾದಿತ್ತು. ಯಾರೂ ಮಾಡುತ್ತಿಲ್ಲ ಅಂತ ನಾನು ಸಭೆಯಲ್ಲಿ ಬೈದಿದ್ದೆ. ನಿಜದಲ್ಲಿ 64ರಲ್ಲಿ 22 ಮನೆಯವರು ತಮ್ಮ ಪಾಡಿಗೆ ತಾವು ಬೇರ್ಪಡಿಸಿಯೇ ಕಳಿಸುತ್ತಿದ್ದರು. ಪ್ರತಿ ಮಹಡಿಯ ಮೂಲೆಯಲ್ಲಿ ಒಂದು ದೊಡ್ಡ ಡ್ರಮ್ ಇತ್ತಲ್ಲ, ಅದರಲ್ಲಿ ಅವರದೂ ಇವರದೂ ಕಲೆತು ಹೋಗುತ್ತಿತ್ತು. ಮಾಡುವವರ ಶ್ರಮ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಮಾಡದವರ ತಪ್ಪೂ ಬೀಳುತ್ತಿರಲಿಲ್ಲ.

ಆದ್ದರಿಂದ ಮೊದಲು ಆ ಡ್ರಮ್ಮುಗಳನ್ನು ತೆಗೆಸಿ. ನಾನು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಎಲ್ಲರದೂ ಆದದ್ದು ಯಾರದೂ ಅಲ್ಲ. ಹತ್ತು ಜನ ನೋಡುತ್ತಿದ್ದಾಗ ಪ್ರತಿಯೊಬ್ಬನೂ ಇನ್ನೊಬ್ಬ ಮುಂದಾಗಲಿ ಅಂತ ಕಾಯುತ್ತಾನೆ ಅಂತ ಡಾರ್ಲಿ ಮತ್ತು ಲತಾನೆ ಎಂಬ ಮನಃಶಾಸ್ತ್ರಜ್ಞರು 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಮೂಲೆಯ ಡ್ರಮ್ ಅಂದರೆ ಆ ಹತ್ತು ಜನ. ಬದಲಿಗೆ ಬೆಳಿಗ್ಗೆ ಏಳರಿಂದ ಎಂಟರೊಳಗೆ ಮನೆ ಬಾಗಿಲಿನಲ್ಲಿ ಬಿನ್ನು ಇಡಲಿ, ಅಲ್ಲಿಂದಲೇ ತೆಗೆಯಲಿ. ಮುಚ್ಚಳ ತೆರೆದ ಕೂಡಲೇ ಅದು ಯಾರದು ಅಂತ ಗೊತ್ತಾಗುವಾಗ ಕೈ ತಾನೇ ಹುಷಾರಾಗುತ್ತದೆ.

ಅಡುಗೆಮನೆಯೊಳಗೆ

ಹಸಿ ಕಸದ ಬಿನ್ನು ಯುಟಿಲಿಟಿಯಲ್ಲಿ, ಬಾಗಿಲಾಚೆ ಇದ್ದರೆ ಅದು ತುಂಬುವುದಿಲ್ಲ. ತರಕಾರಿ ಹೆಚ್ಚುವ ಜಾಗದಿಂದ ಒಂದು ಹೆಜ್ಜೆಯೊಳಗೆ ಇರಬೇಕು. ಚಿಕ್ಕದಿರಲಿ; ದೊಡ್ಡದಾದರೆ ಎರಡು ದಿನ ಇಟ್ಟು ನಾರಿಸುತ್ತಾರೆ, ಆಮೇಲೆ ವಾಸನೆ ಅಂತ ಎಲ್ಲವನ್ನೂ ಬಿಡುತ್ತಾರೆ. ಪ್ಲಾಸ್ಟಿಕ್ ಕವರ್ ಹಾಕದೆ, ತಳಕ್ಕೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಲಿ. ಕೆಂಪು ಬಿನ್ನು ಬಚ್ಚಲುಮನೆಯಲ್ಲಿ, ಯಾಕೆಂದರೆ ಅದಕ್ಕೆ ಹೋಗುವ ವಸ್ತು ಅಲ್ಲೇ ಹುಟ್ಟುತ್ತದೆ. ಒಣ ಕಸಕ್ಕೆ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ಅಕ್ಕಿ ಬಂದ ಚೀಲ.

ಎಲ್ಲ ಮನೆಗೂ ಇದನ್ನು ಬಾಯಲ್ಲಿ ಹೇಳಿ ಬರಬೇಡಿ. ಹೋಗಿ ಇಟ್ಟು ಬನ್ನಿ. ನಾನು ಮೂರು ಜನ ಹೆಂಗಸರನ್ನು ಕಟ್ಟಿಕೊಂಡು ಎರಡು ವಾರ ಮನೆ ಮನೆ ಹೊಕ್ಕೆ. ಮೊಳೆ ಸುತ್ತಿಗೆ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. "ಎಲ್ಲಿ ಹೆಚ್ಚುತ್ತೀರಿ, ಎಲ್ಲಿ ಮುಸುರೆ ತೊಳೆಯುತ್ತೀರಿ?" ಅಂತ ಕೇಳಿ ಅಲ್ಲೇ ಬಿನ್ನು ಇಟ್ಟೆವು. ಪೆನ್ನಿನ ಕ್ಯಾಪ್ ತೆಗೆದು ಕೈಗೆ ಕೊಡುವುದು ಅಂದರೆ ಇದು.

ಹಾಲಿನ ಪ್ಯಾಕೆಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅರ್ಧ ಜಗಳ ನಡೆದದ್ದು ಅದರ ಮೇಲೆ. ತೊಳೆಯದ ಪ್ಯಾಕೆಟ್ ಒಣ ಕಸದ ಚೀಲಕ್ಕೆ ಬಿದ್ದರೆ ಮೂರನೇ ದಿನ ಇಡೀ ಚೀಲ ಹುಳಿ ನಾತ. ಅದೇ ತೊಳೆದು ಒಣಗಿಸಿದರೆ ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ. "ಪ್ಯಾಕೆಟ್ ತೊಳೆಯಿರಿ" ಅಂತ ಹೇಳಿದರೆ ಯಾರೂ ತೊಳೆಯಲಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ ನನ್ನ ತಂಗಿ ಮಗಳು ಹೇಳಿದಳು: "ದೊಡ್ಡಮ್ಮ, ತೊಳೆಯಿರಿ ಅನ್ಬೇಡಿ. ಯಾವಾಗ ಅಂತ ಹೇಳಿ." ಜರ್ಮನಿಯ ಗೋಲ್‌ವಿಟ್ಜರ್ ಎಂಬವರು ಇದನ್ನು ಬಹಳ ಅಧ್ಯಯನ ಮಾಡಿದ್ದಾರಂತೆ. ಮಾಡುತ್ತೇನೆ ಅಂದುಕೊಳ್ಳುವವನಿಗಿಂತ, ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಅಂತ ಗಂಟು ಹಾಕಿಕೊಂಡವನು ಹೆಚ್ಚು ಸಲ ಮಾಡಿ ಮುಗಿಸುತ್ತಾನೆ.

ನಾವು ಹಾಕಿಕೊಂಡ ಗಂಟು ಹೀಗಿದೆ. ಹಾಲು ಒಲೆ ಮೇಲೆ ಇಟ್ಟ ಕೂಡಲೇ, ಅದು ಉಕ್ಕುವವರೆಗೆ ಹೇಗೂ ಅಲ್ಲೇ ನಿಂತಿರುತ್ತೀರಿ, ಪ್ಯಾಕೆಟ್ಟಿಗೆ ಅರ್ಧ ಲೋಟ ನೀರು ಹಾಕಿ ಕುಲುಕಿ ಗಿಡಕ್ಕೆ ಹಾಕಿ, ಪ್ಯಾಕೆಟ್ ತಲೆಕೆಳಗಾಗಿ ಕ್ಲಿಪ್ಪಿಗೆ ಸಿಕ್ಕಿಸಿ. ಕ್ಲಿಪ್ಪು ಸಿಂಕಿನ ಮೇಲೆಯೇ ಇರಲಿ. ಕತ್ತರಿಸುವಾಗ ಮೂಲೆಯ ಚೂರು ಪೂರ್ತಿ ಬೇರೆಯಾಗದ ಹಾಗೆ, ಅಂಟಿಕೊಂಡೇ ಇರುವ ಹಾಗೆ ಸೀಳಿ. ಬೆರಳುಗುರಿನಷ್ಟು ಇರುವ ಆ ಚೂರು ಚರಂಡಿಗೆ ಹೋಗುತ್ತದೆ, ಇಲ್ಲವೇ ಹಸಿ ಕಸದ ಜೊತೆ ಗೊಬ್ಬರಕ್ಕೆ. ನಮ್ಮ ಮೊದಲ ಗೊಬ್ಬರ ಜರಡಿ ಹಿಡಿದಾಗ ನೀಲಿ ಬಣ್ಣದ ಅಂಥ ಚೂರುಗಳು ಒಂದು ಬೊಗಸೆ ಸಿಕ್ಕವು.

"ಯಾರೂ ಮಾಡುತ್ತಿಲ್ಲ" ಅಂತ ಎಂದೂ ಬರೆಯಬೇಡಿ

ಸಂಘದ ನೋಟಿಸ್ ಬೋರ್ಡಿನಲ್ಲಿ ನಾನು ಹಾಕಿದ್ದ ಮೊದಲ ಚೀಟಿ ಇದು: "ಬಹಳಷ್ಟು ಮನೆಯವರು ಕಸ ಬೇರ್ಪಡಿಸುತ್ತಿಲ್ಲ, ದಯವಿಟ್ಟು ಸಹಕರಿಸಿ." ತಂಗಿ ಮಗಳು ಅದನ್ನು ಓದಿ ಕಿತ್ತು ತಂದಳು. ಅದನ್ನು ಓದಿದವರಿಗೆ ಹೋಗುವ ಸುದ್ದಿ ಏನು? ಮಾಡದವರು ಬಹಳ ಜನ ಇದ್ದಾರೆ, ನೀನೂ ಸೇರು ಅಂತ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಪುರಾತನ ಮರಗಳ ಒಂದು ರಾಷ್ಟ್ರೀಯ ಉದ್ಯಾನ ಇದೆ. ಬಂದವರು ತುಂಡು ಕದ್ದೊಯ್ಯುತ್ತಾರೆ. ಬಹಳ ಜನ ಒಯ್ಯುತ್ತಿದ್ದಾರೆ ಅಂತ ವ್ಯಥೆಪಟ್ಟು ಬೋರ್ಡ್ ಹಾಕಿದ ದಾರಿಯಲ್ಲೇ ಹೆಚ್ಚು ಕಳುವಾದದ್ದನ್ನು ಚಾಲ್ಡಿನಿ ಎಂಬ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು ತೋರಿಸಿಕೊಟ್ಟರು.

ಅದೇ ಚಾಲ್ಡಿನಿಯವರೂ ಸೇರಿದ್ದ ಇನ್ನೊಂದು ಅಧ್ಯಯನ 2008ರದ್ದು, ಹೋಟೆಲ್ ಟವೆಲ್ಲಿನ ಮೇಲೆ. ಟವೆಲ್ ಮತ್ತೆ ಬಳಸಿ, ಪರಿಸರ ಉಳಿಸಿ ಅಂತ ಚೀಟಿ ಇಟ್ಟ ಕೋಣೆಗಳಲ್ಲಿ ಶೇ. 35ರಷ್ಟು ಜನ ಮತ್ತೆ ಬಳಸಿದರು. ಇಲ್ಲಿ ಉಳಿದ ಬಹುಪಾಲು ಅತಿಥಿಗಳು ಮತ್ತೆ ಬಳಸುತ್ತಾರೆ ಅಂತ ಚೀಟಿ ಇಟ್ಟಲ್ಲಿ ಶೇ. 44. ಇದೇ ಕೋಣೆಯಲ್ಲಿ ಉಳಿದವರು ಬಳಸಿದ್ದಾರೆ ಅಂದಾಗ ಇನ್ನೂ ಮೇಲೆ, ಶೇ. 49ರಷ್ಟು. ಭೂಮಿ ತಾಯಿಯ ಹೆಸರಿಗಿಂತ, ಗುರುತೇ ಇಲ್ಲದ ಅದೇ ಕೋಣೆಯ ಅತಿಥಿಯ ಹೆಸರು ಹೆಚ್ಚು ನಡೆಯಿತು. ನನಗೆ ಇದರಲ್ಲಿ ಬೇಸರವೇನೂ ಇಲ್ಲ. ವಿಮೆಯಲ್ಲೂ "ನಿಮ್ಮ ಆಫೀಸಿನ ಎದುರು ಟೇಬಲ್ಲಿನವರು ಮಾಡಿಸಿದ್ದಾರೆ" ಅನ್ನುವ ಮಾತಿಗೆ ಇದ್ದ ಬಲ ಬೇರೆ ಯಾವುದಕ್ಕೂ ಇರಲಿಲ್ಲ. ಮನುಷ್ಯ ಅಕ್ಕಪಕ್ಕ ನೋಡಿ ಬದುಕುವ ಪ್ರಾಣಿ. ಕೆಟ್ಟದ್ದು ಹಾಗೆ ಹಬ್ಬುತ್ತದೆ, ಒಳ್ಳೆಯದೂ ಹಾಗೆಯೇ ಹಬ್ಬಲಿ.

ಹೊಸ ಚೀಟಿಯಲ್ಲಿ ಬರೆದೆ: "ನಿಮ್ಮ ಮಹಡಿಯ 16 ಮನೆಗಳಲ್ಲಿ 7 ಮನೆಯವರು ಈಗಾಗಲೇ ಬೇರ್ಪಡಿಸುತ್ತಿದ್ದಾರೆ. ಹೋದ ವಾರ 5 ಇತ್ತು." ಸಂಖ್ಯೆ ಇನ್ನೂ ಚಿಕ್ಕದಿರುವಾಗ, ಏರುತ್ತಿದೆ ಅನ್ನುವುದನ್ನು ತೋರಿಸಿ. ಮತ್ತೆ, ನಿಜವಾದ ಸಂಖ್ಯೆಯನ್ನೇ ಹಾಕಿ. ಒಂದು ಸಲ ಸುಳ್ಳು ಹಾಕಿದ್ದು ಗೊತ್ತಾದರೆ ಬೋರ್ಡಿನ ಮೇಲಿನ ನಂಬಿಕೆ ಹೋಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದದ್ದು. ಒಂದನೇ ಮಹಡಿಯವರು ಎಲ್ಲರಿಗಿಂತ ಮುಂದಿದ್ದಾರೆ ಅಂತ ಬೋರ್ಡಿನಲ್ಲಿ ಹಾಕಿದ ಎರಡೇ ವಾರಕ್ಕೆ ಅವರದು ಇಳಿಯಿತು. ಉಳಿದವರು ಅಷ್ಟೇ ಮಾಡುವುದಾದರೆ ನಾವೇನು ಇಷ್ಟು ಒದ್ದಾಡುವುದು ಅನ್ನಿಸಿತಂತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನಲ್ಲಿ ಮನೆ ಮನೆಗೆ ಅವರ ಕರೆಂಟ್ ಬಳಕೆಯನ್ನೂ ನೆರೆಹೊರೆಯ ಸರಾಸರಿಯನ್ನೂ ಬರೆದು ಕೊಟ್ಟಾಗ ಹೀಗೇ ಆಗಿತ್ತು. ಜಾಸ್ತಿ ಉರಿಸುತ್ತಿದ್ದವರು ಇಳಿಸಿದರು, ಕಡಿಮೆ ಉರಿಸುತ್ತಿದ್ದವರು ಏರಿಸಿದರು. ಚೀಟಿಯ ಪಕ್ಕ ನಗುಮುಖದ ಒಂದು ಚಿತ್ರ ಬರೆದು ಕೊಟ್ಟ ಮನೆಗಳಲ್ಲಿ ಆ ಏರಿಕೆ ಆಗಲಿಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನ ಅದು. ನಾನು ನಗುಮುಖದ ಬದಲು, ಮುಂದಿರುವ ಮಹಡಿಯ ಲಿಫ್ಟಿನ ಬಾಗಿಲ ಮುಂದೆ ಸೋಮವಾರ ಬೆಳಿಗ್ಗೆ ಕೈಯಾರೆ ರಂಗೋಲಿ ಹಾಕಿದೆ. ನಾಲ್ಕೆಳೆಯ ಸಣ್ಣ ರಂಗೋಲಿ. ಲಿಫ್ಟಿನಿಂದ ಇಳಿದವರು ದಾಟಿಕೊಂಡು ಹೋಗುತ್ತಿದ್ದರು, ಯಾರೂ ತುಳಿಯಲಿಲ್ಲ. ಮೂರನೇ ಮಹಡಿಯ ಒಂದು ಮಗು ಬಂದು "ಅಜ್ಜಿ, ನಮ್ಮ ಫ್ಲೋರಿಗೆ ಯಾವಾಗ?" ಅಂತ ಕೇಳಿತು.

ಕೆಲಸ ನಿಜವಾಗಿ ಮಾಡುವ ಕೈ ಯಾವುದು?

ಕಷ್ಟದ ಅರ್ಧಕ್ಕೆ ಬಂದೆ. ಸಭೆಗೆ ಬಂದವರು ಮನೆಯ ಮಾಲೀಕರು. ಕಸ ಬಿನ್ನಿಗೆ ಹಾಕುವವರು ಬಹಳ ಮನೆಗಳಲ್ಲಿ ಅವರಲ್ಲ. ಮನೆಗೆಲಸದ ಹೆಂಗಸು, ಅಡುಗೆಯವರು, ವಯಸ್ಸಾದ ಅತ್ತೆ, ಹುಡುಗರೇ ಇರುವ ಬಾಡಿಗೆ ಮನೆಗೆ ಬರುವ ಕುಕ್ಕು. ಅವರನ್ನು ಯಾರೂ ಕೇಳಿರಲಿಲ್ಲ. ಯಾರಿಗೆ ಒಪ್ಪಿಸಿದ್ದೆವೋ ಅವರು ಮಾಡುವವರಲ್ಲ, ಮಾಡುವವರಿಗೆ ಒಪ್ಪಿಸಿರಲಿಲ್ಲ.

ಮನೆಗೆಲಸದವರಿಗಾಗಿಯೇ ಒಂದು ಸಭೆ ಕರೆಯಿರಿ. ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಮನೆ ಮುಗಿದು ಇನ್ನೊಂದಕ್ಕೆ ಹೋಗುವ ಹೊತ್ತಿಗೆ, ಅರ್ಧ ಗಂಟೆ ಸಾಕು. ಕುರ್ಚಿ ಹಾಕಿ, ಟೀ ತಿಂಡಿ ಕೊಡಿ, ಅರ್ಧ ಗಂಟೆ ತಡವಾಗುತ್ತದೆ ಅಂತ ಅವರ ಮನೆಗಳಿಗೆ ನೀವೇ ಮೊದಲು ಫೋನ್ ಮಾಡಿ. ನಮ್ಮಲ್ಲಿ 19 ಜನ ಬಂದರು. ಕಸ ತೆಗೆಯುವ ಅಕ್ಕನನ್ನೇ ಮಾತಾಡಲು ಕೇಳಿಕೊಂಡೆ. ಅವರು ಭಾಷಣ ಮಾಡಲಿಲ್ಲ. ಕೈ ಮುಂದೆ ಚಾಚಿ ಹೆಬ್ಬೆರಳಿನ ಗೆರೆ ತೋರಿಸಿದರು, ಬಲ್ಬು ಪೇಪರಿನಲ್ಲಿ ಸುತ್ತಿ ಬೇರೆ ಕೊಡ್ರಮ್ಮ ಅಂದರು. ಅದೇ ವಾರದಿಂದ ಗಾಜು ಸುತ್ತಿ ಬರತೊಡಗಿತು.

ಆ ಸಭೆಯಲ್ಲಿ ಒಬ್ಬಾಕೆ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. "ಪ್ಯಾಡು ಯಾರಮ್ಮ ಪೇಪರಲ್ಲಿ ಸುತ್ತಿ ಇಡ್ಬೇಕು? ನಾವಾ, ಅವ್ರಾ?" ಕಸದ ಮನಃಶಾಸ್ತ್ರ ಅನ್ನುವುದು ನಮ್ಮಲ್ಲಿ ಬಿನ್ನಿನ ಬಣ್ಣಕ್ಕೆ ಮುಗಿಯುವುದಿಲ್ಲ. ಎಂಜಲು, ಮುಸುರೆ, ಮೈಲಿಗೆ ಅನ್ನುವ ಮಾತುಗಳನ್ನು ನಾವು ಹಾಲಿನ ಜೊತೆ ಕುಡಿದು ಬೆಳೆದಿದ್ದೇವೆ. ನಮ್ಮ ಕಸವನ್ನು ನಾವು ಮುಟ್ಟಬಾರದು, ಅದನ್ನು ಮುಟ್ಟುವುದಕ್ಕೆ ಬೇರೆ ಜನ ಇದ್ದಾರೆ ಅನ್ನುವ ನಂಬಿಕೆ ಬೆರಳ ತುದಿಯವರೆಗೂ ಇಳಿದಿದೆ. ಈ ನಗರದ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅವರಲ್ಲೂ ಬಹುಪಾಲು ಹೆಂಗಸರು ಅನ್ನುವುದು ಅದೇ ನಂಬಿಕೆಯ ಇನ್ನೊಂದು ತುದಿ. ಓದಿದವರು ಕಸ ಬೇರ್ಪಡಿಸದೆ ಇರುವುದಕ್ಕೆ ಸೋಮಾರಿತನ ಒಂದೇ ಕಾರಣ ಅಂತ ನಾನು ಈಗ ನಂಬುವುದಿಲ್ಲ. ತನ್ನ ಡೈಪರು, ತನ್ನ ಪ್ಯಾಡು, ತನ್ನ ಎಂಜಲು ಇನ್ನೊಬ್ಬಳ ಬರಿಗೈಗೆ ಸಿಗುತ್ತದೆ ಅನ್ನುವುದು ಅವರಿಗೆ ತಪ್ಪು ಅಂತ ಕಾಣುವುದಿಲ್ಲ, ಅದೇ ಕಾರಣ. ಇದನ್ನು ಸುತ್ತಿ ಬಳಸಿ ಹೇಳಬೇಡಿ. ನಾನು ಮುಂದಿನ ಸಭೆಯಲ್ಲಿ ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಮಾಲೀಕರ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಸಿದವರೇ ಸುತ್ತಿ, ಪೇಪರಿನ ಮೇಲೆ ಕೆಂಪು ಗೀಟು ಹಾಕಿ ಇಡಬೇಕು ಅಂತ ತೀರ್ಮಾನವಾಯಿತು, ಬರೆದುಕೊಂಡೆವು.

ಸಾಧ್ಯವಾದರೆ ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಹತ್ತು ಜನರನ್ನು ಕರೆದುಕೊಂಡು ಹೋಗಿ. ಊರಾಚೆಗೆ ಹೋದ ಕಸ ಮನಸ್ಸಿನಿಂದಲೂ ಆಚೆ ಹೋಗಿರುತ್ತದೆ, ಅದನ್ನು ಹತ್ತಿರ ತರಬೇಕು. ನೀರಿನ ಬಾಟಲಿ ಒಂದು ಕಡೆ, ರಟ್ಟು ಒಂದು ಕಡೆ, ಹಾಲಿನ ಕವರು ಒಂದು ಕಡೆ ಅಂತ ಅಲ್ಲಿ ಹೆಂಗಸರು ಕೂತು ವಿಂಗಡಿಸುತ್ತಾರೆ. ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಪ್ಯಾಕೆಟ್ ಕೊಳ್ಳುವವರಿಲ್ಲದೆ ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತದೆ. ಅದನ್ನು ಕಣ್ಣಾರೆ ನೋಡಿ ಬಂದವರು ಅಂಗಡಿಯಲ್ಲಿ ಕೈ ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದ್ದೇನೆ. ಎಲ್ಲರೂ ಅಲ್ಲ, ಕೆಲವರು.

ದಂಡದ ವಿಷಯ

ಪ್ರತಿ ಸಂಘದಲ್ಲೂ ಯಾರಾದರೂ ಒಬ್ಬರು "ಫೈನ್ ಹಾಕ್ರೀ, ತಾನಾಗೇ ಸರಿಹೋಗ್ತಾರೆ" ಅನ್ನುತ್ತಾರೆ. ನಾವೂ ಬೆರೆತ ಬಿನ್ನಿಗೆ 100 ರೂಪಾಯಿ ಅಂತ ಮಾಡಿದೆವು. ಎರಡನೇ ತಿಂಗಳು ಒಬ್ಬ ಮಾಲೀಕರು ನನಗೆ ಬಹಳ ವಿನಯದಿಂದಲೇ ಹೇಳಿದರು: "ಅದನ್ನ ತಿಂಗಳಿಗಿಷ್ಟು ಅಂತ ಮೇಂಟೆನೆನ್ಸ್ ಜೊತೆ ಸೇರಿಸಿಬಿಡಿ ಮೇಡಂ, ನಮಗೂ ತಲೆನೋವು ತಪ್ಪತ್ತೆ." ಅಲ್ಲಿಯವರೆಗೆ ಅವರಿಗೆ ಅಳುಕಾದರೂ ಇತ್ತು. ದುಡ್ಡು ಕೊಟ್ಟ ಮೇಲೆ ಅದೂ ಹೋಯಿತು, ಅದು ಒಂದು ಸೇವೆಯ ಬೆಲೆ ಆಯಿತು. ಇಸ್ರೇಲಿನ ಹೈಫಾ ಊರಿನ ಹತ್ತು ಶಿಶುವಿಹಾರಗಳಲ್ಲಿ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿದಲ್ಲಿ ತಡವಾಗಿ ಬರುವವರು ಹೆಚ್ಚಿದರು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಹೋದ ಅಳುಕು ಮರಳಿ ಬರಲಿಲ್ಲ.

ಪಾಲಿಕೆಯ ದಂಡ ಬೇರೆ, ಅದು ಕಾನೂನು, ಅದು ಇರಲಿ. ನೆರೆಹೊರೆಯ ನಡುವೆ ಬೇಡ. ನಾವು ದಂಡ ಕೈಬಿಟ್ಟು ಹೀಗೆ ಮಾಡಿದೆವು: ಬೆರೆತ ಬಿನ್ನನ್ನು ತೆಗೆಯುವುದಿಲ್ಲ. ಮುಚ್ಚಳದ ಮೇಲೆ ಒಂದು ಚೀಟಿ, "ಸಂಜೆ ಐದಕ್ಕೆ ಮತ್ತೆ ಬರುತ್ತೇವೆ". ಬೈಗುಳ ಇಲ್ಲ, ಹೆಸರಿಲ್ಲ. ಬಿನ್ನು ಬಾಗಿಲಲ್ಲೇ ಇರುತ್ತದೆ. ಐದಕ್ಕೆ ಹೋಗಲೇಬೇಕು, ಕೊಟ್ಟ ಮಾತು ತಪ್ಪಬಾರದು. ಚೀಟಿಯನ್ನು ಕಸ ತೆಗೆಯುವ ಅಕ್ಕನ ಕೈಯಿಂದ ಹಚ್ಚಿಸಬೇಡಿ. ಸಂಘದವರೇ ಹಚ್ಚಿ, ಜಗಳಕ್ಕೆ ಬಂದರೆ ನಿಮ್ಮ ಹತ್ತಿರ ಬರಲಿ.

ಎಷ್ಟು ದಿನ ಬೆನ್ನು ಹತ್ತಬೇಕು

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಮಾತು ನಂಬಿ ಕೈ ಬಿಡಬೇಡಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಹೊಸ ಕೆಲಸ ತಾನಾಗಿ ಆಗುವಂತಾಗಲು ಹಿಡಿದದ್ದು ಹೆಚ್ಚುಕಡಿಮೆ 66 ದಿನ. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನವೂ ಬೇಕಾಗಬಹುದು ಅಂತ ಅವರ ಲೆಕ್ಕ. ಅದರಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಮಾತು, ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅನ್ನುವುದು. ನೆಂಟರು ಬಂದ ದಿನ, ಮನೆಯಲ್ಲಿ ಕಾಯಿಲೆಯಾದ ದಿನ ಬಿನ್ನು ಬೆರೆತು ಬಂದರೆ ಸುಮ್ಮನಿರಿ. ನಾಳೆ ನೋಡಿ.

ಹೊಸ ಬಾಡಿಗೆದಾರರನ್ನು ಮಾತ್ರ ಬಿಡಬೇಡಿ. ಮನೆ ಬದಲಿಸಿದ ಮೊದಲ ಎರಡು ಮೂರು ತಿಂಗಳಲ್ಲಿ ಹಳೆಯ ಅಭ್ಯಾಸಗಳೆಲ್ಲ ಸಡಿಲವಾಗಿರುತ್ತವೆ, ಹೊಸದು ಬೇಗ ಹಿಡಿಯುತ್ತದೆ ಅಂತ ಇಂಗ್ಲೆಂಡಿನ ಒಂದು ಅಧ್ಯಯನ ತೋರಿಸಿದೆ. ಸಾಮಾನಿನ ಲಾರಿ ಬಂದ ಸಂಜೆಯೇ ಒಂದು ಫ್ಲಾಸ್ಕ್ ಕಾಫಿ, ಎರಡು ಬಿನ್ನು, ಒಂದು ಚೀಲ ತೆಗೆದುಕೊಂಡು ಹೋಗಿ. ಅಡುಗೆಮನೆಯಲ್ಲಿ ಇನ್ನೂ ಏನೂ ಜೋಡಿಸಿರುವುದಿಲ್ಲ, ಬಿನ್ನಿಗೆ ಒಳ್ಳೆಯ ಜಾಗ ಸಿಗುತ್ತದೆ.

ಗೊಬ್ಬರ ನಾರಿದರೆ ಎಲ್ಲ ಕೆಟ್ಟಿತು

ಕಟ್ಟಡದಲ್ಲೇ ಹಸಿ ಕಸದಿಂದ ಗೊಬ್ಬರ ಮಾಡುವುದಾದರೆ ಒಂದು ವಿಷಯ ನೆನಪಿಡಿ. ಆರು ತಿಂಗಳು ಕಷ್ಟಪಟ್ಟು ಕಟ್ಟಿದ ಅಭ್ಯಾಸವನ್ನು ಒಂದು ವಾರದ ದುರ್ನಾತ ಮುರಿದು ಹಾಕುತ್ತದೆ. "ನೋಡಿ, ನಾನು ಹೇಳಿರ್ಲಿಲ್ವಾ" ಅನ್ನುವವರು ಕಾಯುತ್ತಲೇ ಇರುತ್ತಾರೆ. ನಾತ ಬರುವುದು ನೀರು ಜಾಸ್ತಿಯಾದಾಗ. ಒಂದು ಬಕೆಟ್ ಹಸಿ ಕಸಕ್ಕೆ ಒಂದು ಬಕೆಟ್ ಒಣ ಎಲೆ. ಎಲೆ ಸಾಲದಿದ್ದರೆ ತೆಂಗಿನ ನಾರಿನ ಪುಡಿ. ನಾನು ಊರಿನಿಂದ ಮೂಟೆ ತರಿಸುತ್ತೇನೆ. ಮೊದಲ ಸಲ ಹುಳಿ ಮಜ್ಜಿಗೆ ಚಿಮುಕಿಸಿ, ಆಮೇಲೆ ಹಳೆಯ ಗೊಬ್ಬರವೇ ಹೆಪ್ಪು. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ನೀರು ಇಳಿದರೆ ಎಲೆ ಹಾಕಿ, ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ, ಉಂಡೆ ನಿಂತರೆ ಸರಿ. ದಪ್ಪ ಬಿಳಿ ಹುಳ ಕಂಡರೆ ಗಾಬರಿ ಬೇಡ, ಅವು ನಮ್ಮ ಕೆಲಸವನ್ನೇ ಮಾಡುತ್ತಿವೆ. ಹೊರಗೆ ಕಾಣದ ಹಾಗೆ ಮೇಲೆ ಎಲೆ ಮುಚ್ಚಿ. ಎರಡು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಮೊದಲ ಗೊಬ್ಬರವನ್ನು ಮಾರಬೇಡಿ. ಒಂದೊಂದು ಕೆ.ಜಿ. ಕಟ್ಟಿ ಎಲ್ಲ 64 ಬಾಗಿಲಿಗೂ ಕೊಟ್ಟೆವು, ಬೇರ್ಪಡಿಸದವರಿಗೂ. ತಾನು ಎಸೆದದ್ದು ಮತ್ತೆ ತನ್ನ ಬಾಗಿಲಿಗೆ ಕರಿಬೇವಿನ ಕುಂಡದ ಮಣ್ಣಾಗಿ ಬರುವುದನ್ನು ಎಲ್ಲರೂ ಒಂದು ಸಲ ಮೂಸಿ ನೋಡಲಿ ಅನ್ನುವುದು ನನ್ನ ಆಸೆಯಾಗಿತ್ತು. ಕಸ ತೆಗೆಯುವ ಅಕ್ಕ ಐದು ಕೆ.ಜಿ. ಒಯ್ದರು. ಈಗ ಅವರು ಕವರು ಒತ್ತಿ ನೋಡುವುದಿಲ್ಲ. ಒತ್ತುವುದಕ್ಕೆ ಗಂಟು ಕಟ್ಟಿದ ಕವರೇ ಬರುವುದಿಲ್ಲ, ಮೂರು ಮನೆಯಿಂದ ಬಿಟ್ಟರೆ.

ಆಯುಧಪೂಜೆಗೆ ಈಗಿನಿಂದಲೇ ತಯಾರಾಗಿ. ಬಾಳೆಕಂದು, ಹೂವು, ಒಡೆದ ಬೂದುಗುಂಬಳ ಎಲ್ಲ ಒಂದೇ ದಿನ ಬರುತ್ತವೆ, ಬೂದುಗುಂಬಳ ಬರೀ ನೀರು. ಎಲೆ ಉದುರುವ ಜನವರಿ ಫೆಬ್ರವರಿಯಲ್ಲೇ ಆರು ಮೂಟೆ ಒಣ ಎಲೆ ತುಂಬಿ ಮಳೆ ತಾಗದ ಕಡೆ ಎತ್ತಿಡಿ. ಬಾಳೆಕಂದನ್ನು ಗೇಣುದ್ದ ತುಂಡು ಮಾಡಿ. ಕುಂಬಳದೊಳಗಿನ ಚಿಲ್ಲರೆಯನ್ನು ಮಕ್ಕಳಿಗೆ ಹೇಳಿ ಮೊದಲೇ ತೆಗೆಸಿ, ಕುಂಕುಮವಾದ ತಿರುಳನ್ನು ಬೇರೆ ಮಾಡಿ ಕೆಂಪು ಬಿನ್ನಿಗೆ ಹಾಕಿ. ಅಂಗಡಿ ಕುಂಕುಮದಲ್ಲಿ ಏನು ಬಣ್ಣ ಇರುತ್ತದೋ ಹೇಳಲಾಗದು. ಹೂವಿನ ಹಾರದ ದಾರ ಮರೆಯಬೇಡಿ. ಗೊಬ್ಬರ ತಿರುವುವಾಗ ಸಲಿಕೆಗೆ ಮೊದಲು ಸುತ್ತಿಕೊಳ್ಳುವುದು ಅದೇ.